ಅತ್ತೆ ತಡೆದ ರೋಲರ್

ಸೋದರತ್ತೆ ಮಣ್ಣಿನ ನೆಲ ಬಡಿಯುತ್ತಿದ್ದ ಮರದ ಹಲಗೆ ಈಗಲೂ ನನ್ನ ಅಟ್ಟದ ಮೇಲಿದೆ. ಕೈಗೆತ್ತಿಕೊಂಡರೆ ಅವಳ ದನಿಯೇ ಕೇಳುತ್ತದೆ.

ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ನಮ್ಮ ಬೀದಿಗೆ ಹಿಂದೊಮ್ಮೆ ಮಧ್ಯಾಹ್ನ ಜಲ್ಲಿ ಹರಡಿ, ಮೇಲೆ ಒಣಮಣ್ಣು ಚೆಲ್ಲಿ, ಎತ್ತು ಕಟ್ಟಿದ ಕಲ್ಲಿನ ರೋಲರ್ ತಂದಿದ್ದರು. ಅತ್ತೆ ಕೊಡ ಹೊತ್ತುಕೊಂಡೇ ಹೋಗಿ ಎತ್ತುಗಳ ಮುಂದೆ ನಿಂತಳು.

"ನೀರು ಹಾಕ್ದೆ ಉರುಳಿಸಿದ್ರೆ ಕಲ್ಲು ಕೂರತ್ತೇನೋ ಮಾರಾಯ? ಒಂದೇ ಮಳೆಗೆ ಎದ್ದು ಹೋಗತ್ತೆ."

"ನೀರು ಹೊರೋಕೆ ಆಳಿಲ್ಲಮ್ಮ. ರಸ್ತೆ ಕೆಲ್ಸ ನಿಮಗೇನು ಗೊತ್ತು?" ಎಂದ ಮೇಸ್ತ್ರಿ.

"ನಮ್ಮಡುಗೆಮನೆ ನೆಲ ನಾನೇ ಬಡಿದಿದ್ದು. ಒಂದು ಬಿರುಕು ತೋರ್ಸು, ದಾರಿ ಬಿಡ್ತೀನಿ."

ಅವನು ನೆಲ ನೋಡಲು ಒಳಗೆ ಹೋಗಲಿಲ್ಲ, ಅತ್ತೆ ಕದಲಲಿಲ್ಲ. ಎತ್ತುಗಳು ಅವಳ ಕೊಡಕ್ಕೆ ಮೂತಿ ಚಾಚಿದವು. ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಾವಿಯಿಂದ ನೀರು ತಂದು ಜಲ್ಲಿಯ ಮೇಲೆ ಸುರಿಯತೊಡಗಿದರು. ನಾನೂ ಒಂದು ತಂಬಿಗೆ ಸುರಿದೆ. ಜಲ್ಲಿಯ ಸಂದಿಗೆಲ್ಲ ಕೆಸರು ಇಳಿದ ಮೇಲೆಯೇ ಅತ್ತೆ ದಾರಿ ಬಿಟ್ಟಳು.

ಮಳೆಗಾಲ ಮುಗಿಯುವಾಗ, ನೀರು ಹಾಕದೆ ರೋಲರ್ ಉರುಳಿಸಿದ್ದ ಪಕ್ಕದ ಬೀದಿಯ ಜಲ್ಲಿಯೆಲ್ಲ ಚರಂಡಿ ಸೇರಿತ್ತು. ನಮ್ಮ ಬೀದಿ ಹಾಗೇ ಇತ್ತು. ರಿಪೇರಿಗೆ ಬಂದ ಮೇಸ್ತ್ರಿ ನಮ್ಮ ಬಾಗಿಲಲ್ಲಿ ನಿಂತು, "ನೀರು ಎಷ್ಟು ಹಾಕ್ಬೇಕಮ್ಮ?" ಎಂದು ಕೇಳಿದ.

ಅತ್ತೆ ಖಾಲಿ ಕೊಡವನ್ನು ಅವನ ಕೈಗಿಟ್ಟಳು.

"ಹೇಳ್ತೀನಿ. ಈ ಸಲ ನೀನು ಹೊರು."