ಚೀಲದ ಮೇಲಿನ ಅಕ್ಷರ

‘ಹಿಸ್ಟರಿ’ ಎಂದು ಬರೆಯಬೇಕಾದ ಜಾಗದಲ್ಲಿ ದ್ರಾಕ್ಷಾಯಣಿ ಇಂಗ್ಲಿಷಿನಲ್ಲಿ ‘ಮ್ಯಾಥಮ್ಯಾಟಿಕ್ಸ್’ ಎಂದು ಬರೆದುಬಿಟ್ಟಿದ್ದಳು. ದಾವಣಗೆರೆಯಲ್ಲಿ ಎರಡು ವರ್ಷದ ಇಂಟರ್‌ಮೀಡಿಯೆಟ್ ಮುಗಿದಿತ್ತು. ಇದು ಅಲ್ಲಿನ ಕಚೇರಿಯಿಂದಲೇ ಮೈಸೂರಿನ ಡಿಗ್ರಿ ಕಾಲೇಜಿಗೆ ಹೋಗುವ ಅರ್ಜಿ. ಹೆಣ್ಣುಮಕ್ಕಳಿಗೆ ಹಿಸ್ಟರಿಯೇ ಸಾಕೆಂದು ಅಪ್ಪ ಮನೆಯಲ್ಲೇ ತೀರ್ಮಾನಿಸಿ ಕರೆತಂದಿದ್ದ. ಅವನಿಗೆ ಇಂಗ್ಲಿಷ್ ಬಾರದು ಎಂಬುದೊಂದೇ ಅವಳ ಧೈರ್ಯ.

ಶಾಯಿ ಆರುವ ಮೊದಲೇ ಅಪ್ಪ ವಾಮದೇವಪ್ಪ ಅರ್ಜಿಯನ್ನು ತನ್ನತ್ತ ಎಳೆದುಕೊಂಡ. ಮೂವತ್ತು ವರ್ಷ ಭತ್ತದ ಮಂಡಿ ನಡೆಸಿದ ಬೆರಳು ಸಾಲಿನ ಮೇಲೆ ಸರಿದು ಮೊದಲ ಅಕ್ಷರದ ಮೇಲೆ ನಿಂತಿತು.

“ಹಿಸ್ಟರಿಗೆ ಹರಿಹರದ ಚೀಲದ ಮ್ಯಾಗಿನ ಅಕ್ಷರ ಬರಬೇಕಲ್ಲ? ಇದು ಮಲೆಬೆನ್ನೂರಿನ ಚೀಲದ್ದು.”

ಯಾವ ಊರಿನ ಮಾಲೆಂದು ತಿಳಿಯಲು ಚೀಲಗಳ ಮೇಲೆ ಊರ ಹೆಸರಿನ ಇಂಗ್ಲಿಷ್ ಮೊದಲಕ್ಷರ ಬಳಿಯುವುದು ಮಂಡಿಯ ರೂಢಿ. ಅದು ದ್ರಾಕ್ಷಾಯಣಿಗೆ ನೆನಪಾಗಿರಲೇ ಇಲ್ಲ.

“ತಪ್ಪಾಗಿದ್ರೆ ಬ್ಯಾರೆ ಅರ್ಜಿ ಕೊಡ್ತೀನ್ರಿ,” ಎಂದು ಗುಮಾಸ್ತ ಕಿಟಕಿಯಿಂದ ಕೈ ಚಾಚಿದ.

“ಏನಂತ ಬರ್ದಿದೀಯವ್ವ?” ಅಪ್ಪನ ದನಿ ತಗ್ಗಿತ್ತು.

“ಗಣಿತ, ಅಪ್ಪಾಜಿ.”

ಅವನು ಬೆರಳು ತೆಗೆಯಲಿಲ್ಲ. ಮಗಳ ಮುಖ ನೋಡಿದ. ಗುಮಾಸ್ತನ ಕೈಯಲ್ಲಿದ್ದ ಹೊಸ ಅರ್ಜಿ ನೋಡಿದ. ತಲೆ ತಗ್ಗಿಸುತ್ತಾಳೇನೋ ಎಂದು ಮತ್ತೆ ಮಗಳನ್ನೇ ನೋಡಿದ. ಅವಳು ತಗ್ಗಿಸಲಿಲ್ಲ.

ವಾಮದೇವಪ್ಪ ಹಳೆಯ ಅರ್ಜಿಯನ್ನೇ ಕಿಟಕಿಯೊಳಗೆ ತಳ್ಳಿದ.

“ಗುರುತು ಸರಿ ಐತ್ರಿ. ಮಲೆಬೆನ್ನೂರಿನ ಮಾಲು. ಮೈಸೂರಿಗೆ ಹಾಕ್ರಿ.”