ಪಕ್ಕದವಳ ಚೀಟಿ

ಮೊದಲನೆಯ ಚೀಟಿಯನ್ನು ಪೋಲೀನ್ ಸರಿಯಾಗಿಯೇ ಬರೆದಳು. ನಂಬಿಕೆ ಹುಟ್ಟಬೇಕಲ್ಲ.

ಗಾಜಿನ ಗೂಡಿನಲ್ಲಿದ್ದವರು ಇಬ್ಬರೇ. ಕೆಳಗೆ ಮಾಂಟ್ರಿಯಲ್ ಹೋಟೆಲಿನ ಸಭಾಂಗಣ, ಅದರ ತುಂಬ ಅಡುಗೆಯವರು. ವೇದಿಕೆಯ ಮೇಲೆ ಟೊರಾಂಟೊದ ಬಾಣಸಿಗನೊಬ್ಬ ಇಂಗ್ಲಿಷಿನಲ್ಲಿ ತನ್ನ ಬಾಳಿನ ಕಥೆ ಹೇಳುತ್ತಿದ್ದ. ಪೋಲೀನಳ ಪಕ್ಕದಲ್ಲಿ ಕೂತ ಹುಡುಗಿ ಮಾಯೆಲ್ ಅದನ್ನು ಆಗಿಂದಾಗಲೇ ಫ್ರೆಂಚಿಗೆ ತಿರುಗಿಸಿ ಮೈಕಿಗೆ ಒಪ್ಪಿಸುತ್ತಿದ್ದಳು.

ದುಭಾಷಿಗಳ ಕಸುಬೇ ಹಾಗೆ. ಒಬ್ಬರು ಅರ್ಧ ಗಂಟೆ ಮಾತಾಡಿದರೆ ಇನ್ನೊಬ್ಬರು ಸುಮ್ಮನಿರಬೇಕು. ಸುಮ್ಮನೆ ಎಂದರೆ ಕೈಕಟ್ಟಿಕೊಂಡಲ್ಲ. ತೊಡಕಿನ ಮಾತು ಬಂದ ಕೂಡಲೇ ಅದಕ್ಕೆ ತಕ್ಕ ಪದವನ್ನು ಚೀಟಿಯಲ್ಲಿ ಗೀಚಿ ಪಕ್ಕಕ್ಕೆ ಸರಿಸಬೇಕು. ಮಾತಾಡುವವರಿಗೆ ಯೋಚಿಸಲು ಪುರುಸೊತ್ತೆಲ್ಲಿ? ಕಣ್ಣಿಗೆ ಬಿದ್ದದ್ದನ್ನು ಬಾಯಿ ಹೇಳಿಬಿಡುತ್ತದೆ.

ಬ್ಯಾಂಕಿನವರು ನನ್ನನ್ನು ಗ್ರಿಲ್ ಮಾಡಿದರು ಎಂದಿದ್ದ ಬಾಣಸಿಗ. ಕೂರಿಸಿಕೊಂಡು ಪ್ರಶ್ನೆ ಕೇಳಿ ಜೀವ ಹಿಂಡಿದರು ಎಂದರ್ಥ. ಇಂಥದ್ದಕ್ಕೆ ಫ್ರೆಂಚರು ಆಳನ್ನೇ 'ಅಡುಗೆ ಮಾಡಿದರು' ಎನ್ನುತ್ತಾರೆ. ಪೋಲೀನ್ ಅದನ್ನೇ ಬರೆದುಕೊಟ್ಟಳು. ಹುಡುಗಿ ನಕ್ಕು ತಲೆಯಾಡಿಸಿದಳು.

ಬೆಳಿಗ್ಗೆ ಹಿಮದ ಬೂಟು ಕಳಚುವಾಗಲೇ ಪೋಲೀನ್ ವಿಚಾರಿಸಿಕೊಂಡಿದ್ದಳು.

"ನೀನೂ ದುಭಾಷಿಗಳ ಮುಖ್ಯಸ್ಥೆ ಹುದ್ದೆಗೇ ಬಂದ್ಯೇನು, ಚಿನ್ನ?"

"ಹೂಂ ಮೇಡಂ, ನಾನೂ ಅದೇ ಹುದ್ದೆ ವಿಷಯಕ್ಕೇ ಬಂದಿರೋದು. ಒಟ್ಟಾವಾದಿಂದ."

ಪೋಲೀನಳ ವಯಸ್ಸು ಐವತ್ತಾರು ದಾಟಿತ್ತು. ಇಷ್ಟು ವರ್ಷ ಕರೆದ ಕಡೆಗೆಲ್ಲ ಓಡಿದ್ದೇ ಬಂತು. ಮೊಣಕಾಲು ಸವೆದಿತ್ತು, ಕಾಯಂ ಕುರ್ಚಿ ಮಾತ್ರ ಸಿಕ್ಕಿರಲಿಲ್ಲ. ಈಗ ಒಂದು ತೆರವಾಗಿದೆ. ಇಂದಿನ ಸಭೆಯಲ್ಲೇ ಪರೀಕ್ಷೆ, ನಮ್ಮವರು ಕೇಳಿಸಿಕೊಳ್ಳುತ್ತಿರುತ್ತಾರೆ ಎಂದು ಹುದ್ದೆ ಕೊಡುವ ದುಭಾಷಿ ಕಚೇರಿಯಿಂದ ಫೋನು ಬಂದಿತ್ತು. ಈ ಚೋಟುದ್ದದ ಹುಡುಗಿ ಅದನ್ನು ಕಿತ್ತುಕೊಂಡು ಹೋಗುವುದೆಂದರೆ!

ಪೋಲೀನಳ ಸರದಿ ಆಗಲೇ ಮುಗಿದಿತ್ತು. ಎಲ್ಲೂ ತಡವರಿಸದೆ ನೀರು ಕುಡಿದಷ್ಟು ಸಲೀಸಾಗಿ ಮಾತಾಡಿದ್ದಳು. ಒಂದೇ ಒಂದು ಕಡೆ, ಮೀನು ಸೀಳುವ ಚಾಕುವಿನ ಹೆಸರಿಗೆ ನಾಲಿಗೆ ತಡೆದಾಗ, ಹುಡುಗಿಯ ಚೀಟಿ ಕೈಹಿಡಿದಿತ್ತು. ಪುಣ್ಯಾತ್ಗಿತ್ತಿ, ಎಷ್ಟು ಚೆನ್ನಾಗಿ ಬಲ್ಲಳು. ಅದಕ್ಕೇ ಇವಳನ್ನು ಉಳಿಸಬಾರದು ಎಂದು ಪೋಲೀನ್ ಆಗಲೇ ತೀರ್ಮಾನಿಸಿದ್ದಳು.

"ಕೊನೆಗೆ ನನ್ನ ಪಾಲುದಾರ ಬುಕ್ಸ್ ಕುಕ್ ಮಾಡಿದ!" ಎಂದ ಬಾಣಸಿಗ. ಸುಳ್ಳು ಲೆಕ್ಕ ಸೃಷ್ಟಿಸಿದ ಎಂದು ಅದರ ಅರ್ಥ. ಪೋಲೀನ್ ಗೀಚಿದಳು: ಪುಸ್ತಕ ಬೇಯಿಸಿದ.

ಹುಡುಗಿ ಚೀಟಿ ನೋಡಿದಳು. ಗುಂಡಿಯೊತ್ತಿ ಮೈಕಿನ ಬಾಯಿ ಮುಚ್ಚಿದಳು.

"ಇದೇನಾ ಮೇಡಂ?"

"ಇದೇ. ಅಡುಗೆಯವರ ಸಭೆ ಅಲ್ವೇನೇ? ನನ್ನ ನಂಬು."

"ನೀವು ಹೇಳಿದ ಮೇಲೆ ಮುಗೀತು ಬಿಡಿ."

ಮೈಕು ತೆರೆಯಿತು. ಪಾಲುದಾರ ಪುಸ್ತಕಗಳನ್ನು ಬೇಯಿಸಿಟ್ಟ ಎಂದು ಹುಡುಗಿ ಶುದ್ಧ ಫ್ರೆಂಚಿನಲ್ಲಿ ಘೋಷಿಸಿದಳು. ಪೋಲೀನ್ ಕೆಮ್ಮಿದ ಹಾಗೆ ಮಾಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಬ್ಬಾ, ಎಷ್ಟು ಹಿತವಾಗಿತ್ತು.

ಆದರೆ ಕೆಳಗೆ ಒಬ್ಬರೂ ತಿರುಗಿ ನೋಡಲಿಲ್ಲ. ದುಭಾಷಿ ಎಡವಿದರೆ ಕಿವಿಗೆ ಯಂತ್ರ ಹಾಕಿಕೊಂಡವರೆಲ್ಲ ಗೂಡಿನ ಕಡೆ ಕತ್ತೆತ್ತುವುದು ವಾಡಿಕೆ. ತಿಂಡಿಯ ಮಂಪರು, ಎಂದುಕೊಂಡಳು ಪೋಲೀನ್. ಎದುರು ಮೂಲೆಯ ಇನ್ನೊಂದು ಗೂಡಿನಲ್ಲೂ ದೀಪ ಉರಿಯುತ್ತಿತ್ತು. ಸ್ಪ್ಯಾನಿಷಿನವರಿರಬೇಕು.

"ಆಗ ನನ್ನ ಬೇಕನ್ ಉಳಿಸಿದ್ದು ನನ್ನ ಹೆಂಡತಿ," ಎಂದ ಬಾಣಸಿಗ. ಜೀವ ಉಳಿಸಿದಳು ಎಂಬುದಕ್ಕೆ ಇಂಗ್ಲಿಷರ ಬೀದಿಮಾತು ಅದು. ಪೋಲೀನಳ ಚೀಟಿ ಜಾರಿತು: ಹಂದಿಮಾಂಸ ಎತ್ತಿಟ್ಟಳು. ಹುಡುಗಿ ಅವಳ ಮುಖವನ್ನೊಮ್ಮೆ ನೋಡಿ ಹಾಗೆಯೇ ಹೇಳತೊಡಗಿದಳು. ಬಾಣಸಿಗ ಮುಂದುವರಿಸಿದ: "ಈಗಲೂ ಮನೆಯಲ್ಲಿ ಅಡುಗೆ ಅವಳದ್ದೇ. ನನ್ನ ಕೈರುಚಿ ಅವಳಿಗೆ ಹಿಡಿಸೋಲ್ಲ!"

ಇಂಗ್ಲಿಷ್ ಬಲ್ಲವರು ನಕ್ಕರು. ಒಂದು ಉಸಿರು ಬಿಟ್ಟು ಫ್ರೆಂಚಿನವರು ನಕ್ಕರು. ಹುಡುಗಿಯಿನ್ನೂ ಹಂದಿಮಾಂಸದ ವಾಕ್ಯವನ್ನೇ ಮುಗಿಸಿರಲಿಲ್ಲ. ಇವಳನ್ನು ನೋಡಿಯೇ ನಗುತ್ತಿದ್ದಾರೆ! ಪೋಲೀನಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ ಕೈ ತಡೆಯಲೇ ಇಲ್ಲ. ಗೆಳೆಯರು ರೋಸ್ಟ್ ಮಾಡಿದ, ಎಂದರೆ ಪ್ರೀತಿಯಿಂದ ಗೇಲಿ ಮಾಡಿದ, ಹುಟ್ಟುಹಬ್ಬದಲ್ಲಿ ಪಾಪದ ಬಾಣಸಿಗ ಪೋಲೀನಳ ಚೀಟಿಯ ದೆಸೆಯಿಂದ ಒಲೆಯೊಳಗೆ ಹುರಿದುಹೋದ. ಹುಡುಗಿ ಒಂದು ಚೀಟಿಯನ್ನೂ ಮುದುಡಿ ಎಸೆಯದೆ, ಒಂದರ ಕೆಳಗೊಂದು ನೀಟಾಗಿ ಜೋಡಿಸಿಕೊಳ್ಳುತ್ತಿದ್ದಳು.

ಚಪ್ಪಾಳೆಯಾಯಿತು. ಮೈಕಿನ ಕೆಂಪು ದೀಪ ಆರಿತು. ಹುಡುಗಿ ಕಿವಿಯಂತ್ರ ಕಳಚಿಟ್ಟಳು. ಅವಳ ಮುಖ ಬಾಡಿತ್ತು. ಪೋಲೀನ್ ಅವಳ ಬೆನ್ನು ಸವರಿದಳು.

"ಬೇಜಾರು ಮಾಡ್ಕೋಬೇಡ ಮರಿ. ಇನ್ನೂ ಚಿಕ್ಕ ವಯಸ್ಸು. ಈ ಕುರ್ಚಿ ನನ್ನಂಥ ಮುದುಕೀರಿಗೆ ಬಿಡು."

"ಬೇಜಾರಾಗ್ತಿದೆ ಮೇಡಂ, ನಿಜ. ನಿಮ್ಮ ಧ್ವನಿ ಕೇಳ್ಕೊಂಡೇ ನಾನು ಈ ಕೆಲಸ ಕಲಿತವಳು."

ಎದುರು ಗೂಡಿನಿಂದ ಇಬ್ಬರು ಹೊರಬಂದರು. ಇಬ್ಬರೂ ಮಾಂಟ್ರಿಯಲ್ಲಿನ ಫ್ರೆಂಚ್ ದುಭಾಷಿಗಳು, ಪೋಲೀನಳಿಗೆ ಗುರುತಿನವರೇ. ಅವರು ಗಾಜಿನಾಚೆಯಿಂದ ಹುಡುಗಿಗೆ ತಲೆಬಾಗಿ ವಂದಿಸಿದರು, ಮೇಲಧಿಕಾರಿಗೆ ವಂದಿಸುವ ಹಾಗೆ.

"ಸಭೆಯವರು ಕೇಳಿದ್ದು ಆ ಇಬ್ಬರ ಮಾತು. ನಮ್ಮ ಮೈಕು ಕಚೇರಿಯವರಿಗೆ ಮಾತ್ರ ಕೇಳಿಸ್ತಿತ್ತು," ಎಂದಳು ಮಾಯೆಲ್, ಚೀಟಿಗಳ ಕಂತೆಯನ್ನು ಚೀಲದೊಳಗೆ ಇಳಿಬಿಡುತ್ತ.

"ನೀವು ಚೆನ್ನಾಗಿ ಮಾತಾಡ್ತೀರಿ ಅಂತ ನಮಗೆ ಮೊದಲೇ ಗೊತ್ತಿತ್ತು ಮೇಡಂ, ಪರೀಕ್ಷೆ ಇದ್ದದ್ದು ನೀವು ಸುಮ್ಮನೆ ಕೂತ ಅರ್ಧ ಗಂಟೆಗೆ."