ಎರಡನೆಯ ಸಾಲಿನ ಕೊನೆ

ತೀರಿಹೋದ ಮಗಳ ಗಿಟಾರನ್ನು ಹಿಡಿದು ವಾಮನರಾಯರು ಪಾಠಕ್ಕೆ ಬರತೊಡಗಿ ಎಂಟು ತಿಂಗಳಾಗಿತ್ತು. ಅವಳು ನುಡಿಸುತ್ತಿದ್ದ ದೇವರನಾಮವೊಂದನ್ನು ಅವಳ ವರ್ಷಾಬ್ದಿಕದ ದಿನ ತಾವು ನುಡಿಸಬೇಕು ಎಂಬುದೊಂದೇ ಅವರ ಆಸೆ. ಆದರೆ ಎರಡನೆಯ ಸಾಲಿನ ಕೊನೆಯಲ್ಲಿ ಪ್ರತಿಸಲವೂ ಬೆರಳು ತಪ್ಪುತ್ತಿತ್ತು. ರಾಯರು ನಿಲ್ಲುತ್ತಿದ್ದರು, ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು.

“ಅಂಕಲ್, ದಿನಾ ಅದೇ ಗುಂಡಿಗೆ ಬೀಳ್ತೀರಲ್ಲ! ಕಣ್ಣು ಕಟ್ಟಿ ಬಿಟ್ಟರೂ ಅಲ್ಲಿಗೇ ಹೋಗ್ತೀರ,” ಎಂದು ಪಾಠ ಹೇಳುವ ಹುಡುಗಿ ನಗುತ್ತಿದ್ದಳು.

“ಮುದಿ ಬೆರಳಮ್ಮ, ಎಷ್ಟು ಹೇಳಿದರೂ ಕೇಳಲ್ಲ.”

“ಇನ್ನು ಮೊದಲಿಂದ ನುಡಿಸಲೇಬೇಡಿ. ಆ ನಾಲ್ಕು ಸ್ವರ ಮಾತ್ರ, ನಿಧಾನವಾಗಿ, ದಿನಕ್ಕೆ ನೂರು ಸಲ. ಜಪ ಅಂದ್ಕೊಳ್ಳಿ.”

ರಾಯರು ಜಪದಂತೆಯೇ ಮಾಡಿದರು. ಹದಿನೈದು ದಿನಗಳ ಮೇಲೆ ಅವರು ಪಾಠಕ್ಕೆ ಬಂದು ನುಡಿಸಿದಾಗ ಹಾಡು ಎಲ್ಲಿಯೂ ನಿಲ್ಲದೆ ಕೊನೆ ಮುಟ್ಟಿತು. ಹುಡುಗಿ ಚಪ್ಪಾಳೆ ತಟ್ಟಿದಳು.

“ಗೆದ್ದುಬಿಟ್ರಿ ಅಂಕಲ್!”

ರಾಯರು ಗಿಟಾರನ್ನು ಕೆಳಗಿಟ್ಟರು. “ಮೊದಲಿನ ಹಾಗೆ ತಪ್ಪೋದನ್ನ ಹೇಳಿಕೊಡ್ತೀಯೇನಮ್ಮ?”

“ಅಯ್ಯೋ, ಅದ್ಯಾಕೆ?”

ಅವರು ಮೊಬೈಲ್ ತೆಗೆದು ಒತ್ತಿದರು. ಅದರಲ್ಲಿ ಮಗಳು ಅದೇ ಹಾಡನ್ನು ನುಡಿಸುತ್ತಿದ್ದಳು. ಎರಡನೆಯ ಸಾಲಿನ ಕೊನೆಯಲ್ಲಿ ತಪ್ಪಿದಳು, ನಕ್ಕಳು, ಮತ್ತೆ ಮೊದಲಿನಿಂದ ಶುರುಮಾಡಿದಳು.

“ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ಇವಳ ಜೊತೆ ಕೂತು ನುಡಿಸ್ತೀನಿ. ನಿನ್ನೆ ಇವಳು ಇಲ್ಲೇ ನಿಂತಳು, ನಾನೊಬ್ಬನೇ ಮುಂದೆ ಹೋಗಿಬಿಟ್ಟೆ.”